ಉಪ್ಪಿನಾಗರದ ಕೆಂಪು

ನೊಣ ಬಿಳಿಯ ಮೇಲೆ ಕೂತಿದೆ, ಏಳುತ್ತಿಲ್ಲ, ಹಸಿ ಬಣ್ಣಕ್ಕೆ ಕಾಲು ಅಂಟಿತೋ ಏನೋ, ಅಂಟಲಿ, ಚಿತ್ರದಲ್ಲಿ ಏನಿದೆ ಎಂದು ಕೇಳುವವರಿಗೆ ನೊಣವಿದೆ ಎಂದಾದರೂ ಹೇಳಬಹುದು — ಕ್ಲೊತಿಲ್ಡಾ ಪಡಸಾಲೆಯ ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಮುಂದೆ ಮಂಡಿಯೂರಿದ್ದಾಳೆ, ಕುಂಚದ ತುದಿಯಲ್ಲಿ ಬಿಳಿ ಬಣ್ಣ, ಒಂದು ಸಲ ಎಳೆದರೆ ಸಾಕು ಬಿಳಿಯ ನಡುವಿನ ಆ ಕೆಂಪು ಕಲೆ ಮುಚ್ಚಿಹೋಗುತ್ತದೆ, ಎಳೆಯಬೇಕು, ಎಳೆಯುತ್ತೇನೆ ಎಂದು ಮಾತು ಕೊಟ್ಟಾಗಿದೆ, ಪಣಜಿಯ ಗ್ಯಾಲರಿಯ ಎವಾರಿಸ್ಟೊ ಸಂಜೆ ವ್ಯಾನು ತರುತ್ತಾನೆ, ಬಾಯ್, ಅಂದಿದ್ದ ಅವನು, ಅವನಿಗೆ ಹೆಂಗಸರೆಲ್ಲ ಬಾಯ್, ಎಲ್ಲಾ ಚೆನ್ನಾಗಿದೆ, ಆ ಕೆಂಪೊಂದು ಅನ್ನದಲ್ಲಿ ಕೂದಲು ಸಿಕ್ಕ ಹಾಗಿದೆ ನೋಡಿ, ತೆಗೀರಿ, ಪ್ರದರ್ಶನದಲ್ಲಿ ಬಾಗಿಲ ಎದುರಿನ ಗೋಡೆ ನಿಮ್ದೇ. ಬಾಗಿಲ ಎದುರಿನ ಗೋಡೆ! ನೌಕರಿಯುದ್ದಕ್ಕೂ ಶಾಲೆಯ ಮಕ್ಕಳಿಗೆ ಹೂದಾನಿ, ಬಾಳೆಹಣ್ಣು ಬರೆಯಿಸಿದವಳಿಗೆ, ಮಂಡಿ ಸವೆದ ಮೇಲೆ ಕೊನೆಗೂ ಒಂದು ಗೋಡೆ, ಬೇಡವೆನ್ನಲು ತಲೆ ಕೆಟ್ಟಿರಬೇಕು, ಆದರೆ ಕೆಂಪು ಯಾಕೆ ಎಂದು ಅವನು ಕೇಳಿದ್ದ, ಯಾಕೆಂದು ಅವಳಿಗೂ ಗೊತ್ತಿಲ್ಲ, ಅಪ್ಪನ ಉಪ್ಪಿನಾಗರವನ್ನು ನೆನೆದು ಬಣ್ಣ ಸುರಿದಾಗಲೆಲ್ಲ ಕೈ ತಾನಾಗಿ ಅದೇ ಜಾಗಕ್ಕೆ ಹೋಗಿ ಕೆಂಪು ಇಟ್ಟು ಬರುತ್ತದೆ, ಮನೆಯೊಡತಿಯನ್ನೇ ಕೇಳದ ಆಳಿನ ಹಾಗೆ. ಉಳಿದದ್ದೆಲ್ಲ ನೆನಪಿದೆ, ಬಿಸಿಲಿಗೆ ಕುರುಡಾಗುವಷ್ಟು ಬಿಳಿ ಉಪ್ಪು, ನಡುವೆ ಬೂದು ಬಣ್ಣದ ಕಟ್ಟೆ, ಅಪ್ಪ ಉದ್ದ ಹಿಡಿಯ ಮರದ ಹಲುಬೆಯಿಂದ ಉಪ್ಪು ಎಳೆಯುತ್ತ ಮಡಿಯ ಸುತ್ತ ನಡೆಯುತ್ತಾನೆ, ಅದೇ ಹಲುಬೆಯಿಂದಲೇ ಇವಳೂ ಕ್ಯಾನ್ವಾಸು ನೆಲಕ್ಕೆ ಹಾಸಿ, ಸುತ್ತ ನಡೆಯುತ್ತ, ಬಣ್ಣ ಎಳೆಯುವುದು, ಹಾಗಾಗಿ ಚಿತ್ರಕ್ಕೆ ಮೇಲೂ ಇಲ್ಲ ಕೆಳಗೂ ಇಲ್ಲ. ಅಪ್ಪನ ಬೆವರಿನ ವಾಸನೆ ಕೂಡ ನೆನಪಿದೆ. ಅಮ್ಮನದು ಮಾತ್ರ ಏನೂ ಇಲ್ಲ, ಫೋಟೊ ಇಲ್ಲ, ದನಿ ಇಲ್ಲ, ಮಗಳು ಶಾಲೆಗೆ ಸೇರುವ ಮೊದಲೇ ಅಮ್ಮ ತೀರಿಹೋದಳು, ಆಗ ತಮ್ಮ ಪೊಲಿಕಾರ್ಪೊ ತೊಟ್ಟಿಲಲ್ಲಿದ್ದ, ಅಮ್ಮನ ಮುಖವಿರಬೇಕಾದ ಕಡೆ ಬರೀ ಬಿಸಿಲು, ಅದು ಅವಳಿಗೆ ಈಗಲೂ ಅಳು ತರಿಸುತ್ತದೆ, ಛೆ, ಬಣ್ಣ ಒಣಗುತ್ತಿದೆ, ಎಳೆದುಬಿಡು —

ತಡಿ, ತಡಿ, ಕಟ್ಟೆ ಮುಟ್ಟಬೇಡ! ಬಂದ, ತೊಟ್ಟಿಲಿನ ಪೊಲಿಕಾರ್ಪೊ, ಈಗ ಹೊಟ್ಟೆ ಬಾಗಿಲಿಗೆ ಅಡ್ಡವಾಗುವಷ್ಟು ಬೆಳೆದಿದ್ದಾನೆ, ಹಿಂದೆಯೇ ಪಕ್ಕದ ಆಗರದ ಮುದುಕಿ ಎವುಫೆಮಿಯಾ, ಕೋಲು ಊರಿಕೊಂಡು, ಮಧ್ಯಾಹ್ನದ ನಿದ್ದೆ ಬಿಟ್ಟು ಗೋವೆಯಲ್ಲಿ ಯಾರಾದರೂ ಬರುತ್ತಾರೆಂದರೆ ಒಂದೋ ಸಾವು, ಇಲ್ಲವೇ ಗಡಿ. ಇವರದು ಗಡಿ. ಎರಡು ಆಗರಗಳ ನಡುವಿನ ಕಟ್ಟೆಯನ್ನು ಉಬ್ಬರ ಎಂದೋ ನುಂಗಿ ನೀರು ಕುಡಿದಿದೆ, ಆದರೂ ಕಟ್ಟೆ ಯಾರದೆಂಬ ಜಗಳ ಒಂದಿಷ್ಟೂ ನೆನೆದಿಲ್ಲ, ಈ ಊರಲ್ಲಿ ನೆಲದ ಮೇಲೆ ಹಾಸಿದ್ದೆಲ್ಲ ನಕ್ಷೆಯೇ, ಕ್ಲೊತಿಲ್ಡಾ ನೆನಪಿನಿಂದ ಆಗರ ಬರೆದಳಂತೆ ಎಂಬ ಸುದ್ದಿ ಪೊಯ್ ರೊಟ್ಟಿಯವನ ಸೈಕಲ್ಲೇರಿ ಬೆಳಗ್ಗೆಯೇ ಮನೆಮನೆ ಸುತ್ತಿದೆ. ನೋಡು ನಮ್ಮಕ್ಕ ಬರೆದಿದ್ದಾಳೆ, ಕಟ್ಟೆ ನಮ್ಮ ಕಡೆಗೇ ವಾಲಿದೆ! ಯಾವ ಕಡೆ ನಿಂತು ನೋಡ್ತೀಯೋ ಗುಂಡಾ, ಈ ಕಡೆ ಬಾ, ಈಗ ಯಾರ ಕಡೆ ವಾಲ್ತು? ಅವನು ಕ್ಯಾನ್ವಾಸಿನ ಮೂಲೆ ಹಿಡಿದು ತಿರುಗಿಸುತ್ತಾನೆ, ಅವಳು ಕೋಲಿನಿಂದ ಮರಳಿ ತಿರುಗಿಸುತ್ತಾಳೆ, ಆಗರ ಗಾಣದೆತ್ತಿನಂತೆ ಸುತ್ತುತ್ತದೆ, ನೊಣ ಕೂಡ ಸುತ್ತುತ್ತದೆ, ಇದು ನಕ್ಷೆ ಅಲ್ರಪ್ಪಾ, ಚಿತ್ರ, ಚಿತ್ರ! ಎಂದು ಕ್ಲೊತಿಲ್ಡಾ ಕಿರುಚಿದ್ದನ್ನು ಕೇಳುವವರಾರು, ಚಿತ್ರ ಆದ್ರೆ ಮರ ಎಲ್ಲಿ, ದೋಣಿ ಎಲ್ಲಿ, ಎವುಫೆಮಿಯಾ ಸರಿಯಾಗಿಯೇ ಕೇಳುತ್ತಾಳೆ, ಮತ್ತೆ ಕಟ್ಟೆ ಮೇಲಿನ ಈ ಕೆಂಪು, ಇದು ಸರ್ವೆಯವರು ನೆಟ್ಟ ಗಡಿಕಲ್ಲು ತಾನೇ, ಎಂದು ಪೊಲಿಕಾರ್ಪೊ. ಗಡಿಕಲ್ಲಂತೆ. ನಾನೇ ಮುಚ್ಚಿಬಿಡುತ್ತೇನೆ, ಎವಾರಿಸ್ಟೊ ಹೇಳಿದ್ದು ಸರಿ, ಇದೊಂದು ಇಲ್ಲದಿದ್ದರೆ ಗೋಡೆಯೂ ಸಿಕ್ಕೀತು, ನೆಮ್ಮದಿಯೂ ಸಿಕ್ಕೀತು, ಕುಂಚ ಇಳಿಯುತ್ತದೆ, ಕೆಂಪಿಗೆ ಇನ್ನು ಕೂದಲೆಳೆ ದೂರ —

ಅರೆ ದೇವಾ, ಎವುಫೆಮಿಯಾ ಬಗ್ಗಿ ನೋಡುತ್ತಿದ್ದಾಳೆ, ಮೂಗು ಬಣ್ಣಕ್ಕೆ ತಾಗುವಷ್ಟು, ಗಡಿಕಲ್ಲಲ್ವೋ ಮಂಕೇ, ಇದು ನಿಮ್ಮಮ್ಮನ ಲಂಗ! ಮುದುಕಿ ನಗುತ್ತಾಳೆ, ಹಲ್ಲಿಲ್ಲದ ಬಾಯಿ ಪೂರಾ ತೆರೆದು, ಉಬ್ಬರ ಬರುವಾಗ ಗಾಳಿಗೆ ಕೂಗು ಕೇಳಲ್ಲ ಅಂತ ತನ್ನ ಕೆಂಪು ಲಂಗ ಕೋಲಿಗೆ ಕಟ್ಟಿ ಹಾರಿಸ್ತಿದ್ಲು ಕಣೇ, ಆಗರದಲ್ಲಿದ್ದವರೆಲ್ಲ ಅದನ್ನ ನೋಡಿ ಓಡಿ ಬರ್ತಿದ್ವಿ, ನೀನು ಎಲ್ಲರಿಗಿಂತ ಮುಂದೆ, ಪುಟುಪುಟು ಅಂತ, ಪಾದ್ರಿಗಳು ಬೈದ್ರೂ ಬಿಡ್ಲಿಲ್ಲ, ಪಾದ್ರಿಗಳೇ ಮುಳುಗೋ ಮಕ್ಕಳನ್ನ ನಿಮ್ಮ ನಿಲುವಂಗಿ ಕಟ್ಟಿ ಕರೀತೀರಾ ಅಂದ್ಲು, ನಮ್ಮತ್ತೆ ಮಹಾತಾಯಿ ನಮ್ಮ ಜಾಗದಲ್ಲಿ ಕೋಲು ನೆಡೋಕೆ ಬಿಡ್ಲಿಲ್ಲ, ಅದಕ್ಕೇ ಅವಳು ನಿಮ್ಮ ಕಟ್ಟೆ ಮೇಲೇ — ಅಷ್ಟು ಹೇಳಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಿಮ್ಮ ಕಟ್ಟೆ. ಅಂದೇಬಿಟ್ಟಳು. ಇಷ್ಟು ವರ್ಷದ ಜಗಳ ಅವಳದೇ ಬಾಯಿಂದ ಸೋತುಹೋಯಿತು, ಈಗ ಪೊಲಿಕಾರ್ಪೊ ಕುಣಿಯುತ್ತಾನೆ, ಪಟಾಕಿ ತರಿಸುತ್ತಾನೆ ಎಂದು ಕ್ಲೊತಿಲ್ಡಾ ತಲೆಯೆತ್ತಿ ನೋಡಿದರೆ ಅವನಿಗೆ ಕಟ್ಟೆ ಕೇಳಿಸಿಯೇ ಇಲ್ಲ, ಹೊಟ್ಟೆ ಹೊತ್ತುಕೊಂಡು ನೆಲಕ್ಕೆ ಕೂತಿದ್ದಾನೆ, ಅಮ್ಮನದಾ, ಅಕ್ಕಾ, ಇದು ಅಮ್ಮನದಾ, ಎನ್ನುತ್ತ ಬೆರಳು ಚಾಚಿ, ಮುಟ್ಟಲು ಹೆದರಿ, ಹಾಗೆಯೇ ಹಿಡಿದಿದ್ದಾನೆ. ಸಂಜೆಗೆ ಮೊದಲೇ ಹೊರಗೆ ವ್ಯಾನು ಹಾರ್ನು ಹೊಡೆಯುತ್ತಿದೆ, ಬಾಯ್, ತೆಗೆದ್ರಾ, ಗೋಡೆ ಕಾಯ್ತಿದೆ, ಎವಾರಿಸ್ಟೊ ಗೇಟಿನಿಂದ ಕೂಗುತ್ತಾನೆ, ಕಾಯಲಿ, ಬರಿಗೋಡೆಯೇ ಇರಲಿ ಬಾಗಿಲ ಎದುರಿಗೆ, ಕ್ಲೊತಿಲ್ಡಾ ಕುಂಚವನ್ನು ತನ್ನ ಸೀರೆಗೇ ಒರೆಸುತ್ತಾಳೆ, ಅಳುತ್ತಿದ್ದಾಳೆ, ನಗುತ್ತಲೂ ಇದ್ದಾಳೆ, ನೀರು ಏರುತ್ತಿದೆ, ಪುಟ್ಟ ಅಂಗಾಲಿಗೆ ಉಪ್ಪು ಚುಚ್ಚುತ್ತಿದೆ, ಓಡುತ್ತಿದ್ದಾಳೆ, ಎಲ್ಲರಿಗಿಂತ ಮುಂದೆ, ಕಣ್ಣು ಕೋರೈಸುವ ಬಿಳಿ, ಬಿಳಿ, ಆ ತುದಿಯಲ್ಲಿ ಕೋಲು, ಕೋಲಿನ ಮೇಲೆ ಗಾಳಿಗೆ ಪಟಪಟ ಬಡಿಯುತ್ತ, ಕೆಂಪು