ಮಡಚದೆ ಬಿಟ್ಟ ತುದಿ

ಟಿಕ್ ಟಿಕ್ ಅನ್ನುತ್ತಿದೆ ತಲೆಯ ಮೇಲಿನ ಫ್ಯಾನು, ಬೇರಿಂಗ್ ಹೋಗಿದೆ, ಅವನಿದ್ದಿದ್ದರೆ ಹಾಗೇ ಅನ್ನುತ್ತಿದ್ದ, ಅಲ್ಲ, ಇಲ್ಲೇ ಕೂತಿದ್ದಾಗ ಅಂದೂ ಬಿಟ್ಟ, ನೋಡೇ, ಬೇರಿಂಗ್ ಹೋಗಿದೆ, ಒಂದು ಸ್ಟೂಲ್ ಕೊಟ್ಟರೆ ಹತ್ತಿ ಬಿಚ್ಚಿಬಿಡ್ತೀನಿ, ನಾನು ಗದರಿದೆ, ರೀ, ನೀವು ಬಂದಿರೋದು ಬಿಚ್ಚೋಕಲ್ಲ, ಬಿಚ್ಚಿಸಿಕೊಳ್ಳೋಕೆ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ — ಎದುರು ಬೆಂಚಿನ ಹುಡುಗಿ ಕೈ ಅಡ್ಡ ಹಿಡಿದು ನಕ್ಕಳು. ನಗಲಿ. ಹಿಟ್ಟಿನ ಗಿರಣಿಯಲ್ಲಿ ಬೆಳೆದವಳಿಗೆ ಪಿಸುಮಾತು ಎಲ್ಲಿಂದ ಬರಬೇಕು, ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲೇ ಹೀಗಾಗಿದೆ. ಅವನು ಈಗ ಆ ಹಸಿರು ಬಾಗಿಲಿನ ಹಿಂದೆ, ಅವನ ಅಂಗಿ ನನ್ನ ಮಡಿಲಲ್ಲಿ, ಎಷ್ಟು ಒಗೆದರೂ ಹೋಗದ ವಾರ್ನಿಶ್ ವಾಸನೆ, ಕಿಸೆಯಲ್ಲಿ ಟೆಸ್ಟರು, ಆಸ್ಪತ್ರೆಗೂ ಟೆಸ್ಟರು ತಂದಿದ್ದಾನಲ್ಲ ಪುಣ್ಯಾತ್ಮ, ಮತ್ತೆ ನನ್ನ ಉಂಗುರದ ಬೆರಳಿನಲ್ಲಿ ತಾಮ್ರದ ತಂತಿ, ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು, ಹೆದರಿದಾಗೆಲ್ಲ ಏನಾದರೂ ಸುತ್ತಬೇಕು ಅವನಿಗೆ, ಇವತ್ತು ನನ್ನ ಬೆರಳು ಸಿಕ್ಕಿತು, ಒಂದು ಸುತ್ತಿಗೆ ಇನ್ನೊಂದು ಸುತ್ತು ಅಂಟಿಸಿ ಚೆಂದವಾಗಿ ಸುತ್ತುತ್ತಿದ್ದ, ಅಷ್ಟರಲ್ಲಿ ಸಿಸ್ಟರು ಕರೆದಳು, ಎದ್ದು ಹೋದ, ತುದಿ ಹಾಗೇ ಮೇಲೆ ನಿಂತಿದೆ, ಮಡಚದೆ. ಅವನು ತುದಿ ಮಡಚದೆ ಬಿಡುವವನೇ ಅಲ್ಲ.

ಓಡಿ ಬರದಿದ್ದರೆ ಸಾಕು. ಕರೆಂಟಿನ ಪೆಟ್ಟಿಗೆಗೆ ಕೈ ಹಾಕಿ ಹಾಡು ಗುನುಗುವ ಗಂಡಸು, ಸೂಜಿ ಕಂಡರೆ ಮುಗಿಯಿತು, ಹೋದ ಸಲ ರಕ್ತ ಪರೀಕ್ಷೆಗೆ ತೋಳು ಚಾಚಿದವನು ತೂಕದ ಮಿಷನ್ನಿನ ಮೇಲೇ ಒರಗಿಬಿಟ್ಟ, ಮುಳ್ಳು ಗಿರ್ರನೆ ತಿರುಗಿತು, ನಾನೇ ನೀರು ಚಿಮುಕಿಸಿದ್ದು. ಇವತ್ತು ಓಡಿ ಬಂದರೆ ಇನ್ನೊಂದು ಸಲ ಬರುವವನಲ್ಲ, ನಾಚಿಕೆಗೇ ಬರುವುದಿಲ್ಲ, ಆಮೇಲೆ ಉಳಿಯುವುದು ನನ್ನ ಹೊಟ್ಟೆ, ಅದರ ಮೇಲೆ ಡಾಕ್ಟರ ಕತ್ತರಿ. ಅತ್ತೆ ಅದಕ್ಕೇ ಕಾಯುತ್ತಿದ್ದಾರೆ, ಏನಮ್ಮಾ, ದುಡಿಯೋ ಗಂಡಸು, ನಾಳೆ ಭಾರ ಎತ್ತೋಕಾಗದಿದ್ರೆ ಏನ್ ಮಾಡ್ತೀಯಾ, ನೀನೇ ಮಾಡಿಸ್ಕೊಂಡ್ರಾಗಲ್ವಾ, ಹೆಂಗಸರ ಮೈ ತಡಕೊಳ್ಳುತ್ತೆ. ತಡಕೊಳ್ಳುತ್ತೆ! ತಡೆದುಕೊಂಡಿದ್ದಾಯಿತಲ್ಲ, ಎರಡು ಹೆತ್ತೆ, ವರ್ಷಗಟ್ಟಲೆ ಮಾತ್ರೆ ನುಂಗಿದೆ, ತಲೆಯೊಳಗೆ ಗಿರಣಿಯ ಕಲ್ಲೇ ತಿರುಗಿದ ಹಾಗೆ ನೋವು, ಕೊನೆಗೆ ಡಾಕ್ಟರಮ್ಮ ಬಿಪಿ ನೋಡಿ ಹುಬ್ಬು ಗಂಟು ಹಾಕಿದರು, ಇನ್ನು ಈ ಮಾತ್ರೆ ಬೇಡ, ಹಾರ್ಮೋನಿನ ಮಾತ್ರೆ ನಿಮಗೆ ಆಗಲ್ಲ, ಅದಿಲ್ಲದ ದಾರಿ ನೋಡೋಣ. ನೋಡುವುದರೊಳಗೆ ಹೋದ ತಿಂಗಳು ಮುಟ್ಟು ನಿಂತಿತು. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ, ನಾನು ಬಚ್ಚಲ ಗೋಡೆ ಹಿಡಿದು ನಿಂತಿದ್ದೇನೆ, ಅವನ ಮೇಲೆ ಕೂಗಾಡಿದ ಕೂಗಾಟ ಬೀದಿಗೇ ಕೇಳಿರಬೇಕು, ಅವನು ಅಂಗಡಿಗೆ ಹೋಗಿ ಷಟರ್ ಅರ್ಧ ಎಳೆದು ಕೂತ, ಆಮೇಲೆ ಮುಟ್ಟು ಬಂತು, ಬಂತು ಅಂತ ಹೇಳೋಣ ಅಂತ ಹೋದರೆ ಹಳೇ ಮೋಟರಿನ ಮುಂದೆ ಕೈ ಕಟ್ಟಿ ಕೂತಿದ್ದಾನೆ, ಸುತ್ತುತ್ತಲೂ ಇಲ್ಲ. ನನಗೆ ಅಳು ಬಂತು, ಬೈದೆ. ನನಗೆ ಅಳು ಬರುವುದೇ ಬೈಗುಳದ ರೂಪದಲ್ಲಿ, ಅದು ಅವನಿಗೂ ಗೊತ್ತು.

ಇಬ್ಬರನ್ನೂ ಕೂರಿಸಿ ಡಾಕ್ಟರಮ್ಮ ಹೇಳಿದ್ದು ಎಲ್ಲ ನೆನಪಿದೆ, ಕಾಂಡೋಮು, ಸರಿ, ಆದರೆ ಇವನು ಮರೆಯುವ ಜಾತಿ. ಆಮೇಲೆ ಕಾಪರ್ ಟಿ, ಮಾದರಿಯೊಂದನ್ನು ಅಂಗೈಯಲ್ಲಿಟ್ಟು ತೋರಿಸಿದರು, ಬೆಂಕಿಕಡ್ಡಿಗಿಂತ ಚಿಕ್ಕದು, ಇವನ ಕಣ್ಣು ಅರಳಿದ್ದೇ ಅರಳಿದ್ದು, ಡಾಕ್ಟರೇ, ವೈಂಡಿಂಗ್ ಭಾಳ ನೀಟಾಗಿದೆ, ಆದ್ರೆ ವಾರ್ನಿಶ್ ಹಾಕಿಲ್ವಲ್ಲ, ಬರೀ ತಂತಿ, ಶಾರ್ಟ್ ಆಗಲ್ವಾ? ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು, ನಗು ತಡೆಯೋಕೆ, ಅಲ್ಲಪ್ಪಾ, ಕರೆಂಟ್ ಎಲ್ಲಿಂದ ಬರಬೇಕು, ಬರೀ ತಾಮ್ರನೇ ಇಲ್ಲಿ ಕೆಲಸ ಮಾಡೋದು, ಬೇಡ ಅಂದಾಗ ತೆಗೆಸಬಹುದು. ನನಗೂ ಒಪ್ಪಿಗೆಯಾಗಿತ್ತು, ಅವನ ತಾಮ್ರವೇ ನನ್ನ ಕಾಯುತ್ತದೆ ಅಂತ ಏನೋ ಹುಚ್ಚು ಖುಷಿ, ಆದರೆ ನನ್ನ ರಕ್ತ ಮೊದಲೇ ಕಡಿಮೆ, ಮುಟ್ಟಿನಲ್ಲಿ ಹೋಗುವುದೂ ಜಾಸ್ತಿ, ತಾಮ್ರ ಹಾಕಿದರೆ ಇನ್ನೂ ಜಾಸ್ತಿಯಾಗಬಹುದು, ನಿಮ್ಮ ಮಟ್ಟಿಗೆ ನಾನು ಬೇರೆದನ್ನೇ ಹೇಳ್ತೀನಿ ಅಂದರು. ಬೇರೆ ಅಂದರೆ ಆಪರೇಷನ್, ಇಬ್ಬರಲ್ಲಿ ಯಾರಾದರೂ. ಯಾರಾದರೂ ಅಂದರೆ ಯಾರು ಅಂತ ಲೋಕಕ್ಕೇ ಗೊತ್ತು, ನಾನು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ನಡೆದೆ, ಇವನು ಬಾಯಿ ಬಿಟ್ಟು ನೀನೇ ಮಾಡಿಸ್ಕೋ ಅನ್ನಲಿ, ಇವತ್ತೇ ಸೀಳುತ್ತೇನೆ ಅಂತ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಅಂದ, ನಂದೇ ಲೈನ್ ಕಟ್ ಮಾಡಿಸಿಬಿಡೋಣ ಬಿಡೇ, ಒಂದೇ ಮೋಟರ್ ಮೇಲೆ ಎಷ್ಟೂಂತ ಲೋಡ್ ಹಾಕೋದು. ಅತ್ತೆಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಾನು, ಉಪ್ಪು ಬೇಕಾ ಅಂದೆ.

ಅದೇ ಮನುಷ್ಯ, ಅಪ್ಪನ ಗಿರಣಿಯ ಮೋಟರ್ ಸುಟ್ಟಾಗ ಬಂದಿದ್ದವನು, ತಲೆಗೂದಲಿಗೆಲ್ಲ ಹಿಟ್ಟು ಮೆತ್ತಿಕೊಂಡು, ಕೆಲಸ ಮುಗಿದ ಮೇಲೆ ಉಳಿದ ತಂತಿಯ ತುಂಡನ್ನು ಬೆರಳಿಗೆ ಸುತ್ತಿ ಉಂಗುರ ಮಾಡಿ ಜರಡಿಯ ಪಕ್ಕ ಇಟ್ಟು ಹೋದ, ತುದಿಯನ್ನು ಒಳಕ್ಕೆ ಮಡಚಿದ್ದ, ಚುಚ್ಚದ ಹಾಗೆ, ಅವತ್ತೇ ಅಂದುಕೊಂಡೆ, ಕಟ್ಟಿಕೊಂಡರೆ ಇವನನ್ನೇ — ಒಳಗೆ ಏನೋ ಠಣ್ ಅಂತ ಬಿತ್ತು, ಬಿದ್ದದ್ದು ಇವನಾ? ಇಲ್ಲ, ತಟ್ಟೆ, ತಟ್ಟೆಯೇ ಇರಬೇಕು, ಇವನು ಬಿದ್ದರೆ ಧಡ್ ಅನ್ನಬೇಕು. ಬೆಳಿಗ್ಗೆ ಸಿಸ್ಟರು ತಾಳ್ಮೆಯಿಂದ ಹೇಳಿದಳು, ಅಣ್ಣಾ, ಆದ ತಕ್ಷಣ ನಿಶ್ಚಿಂತೆ ಅಂದ್ಕೋಬೇಡಿ, ಮೂರು ತಿಂಗಳು ಕಾಂಡೋಮ್ ಬಿಡಬಾರದು, ಆಮೇಲೆ ಪರೀಕ್ಷೆ, ಅದರಲ್ಲಿ ಏನೂ ಇಲ್ಲ ಅಂತ ಬಂದ್ಮೇಲೇನೇ. ಇವನು ದೊಡ್ಡದಾಗಿ ತಲೆಯಾಡಿಸಿದ, ಗೊತ್ತಾಯ್ತು ಸಿಸ್ಟರ್, ಸ್ವಿಚ್ ಆಫ್ ಮಾಡಿದ್ರೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ, ಮುಟ್ಟಿದ್ರೆ ಹೊಡೆಯುತ್ತೆ. ಅವಳು ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಭಾರ ಎತ್ತಬಹುದಾ ಅಂತ ನಾನೇ ಕೇಳಿದೆ, ಅತ್ತೆಗೆ ಹೇಳಬೇಕಲ್ಲ, ಕೆಲವು ದಿನ ಎತ್ತಬಾರದು, ಆಮೇಲೆ ಮೊದಲಿನ ಹಾಗೇ ಅಕ್ಕ, ಎಲ್ಲಾನೂ ಮೊದಲಿನ ಹಾಗೇ ಅಂದು ಎಲ್ಲಾನೂ ಅನ್ನುವುದನ್ನು ಒತ್ತಿ ಹೇಳಿದಳು ತುಂಟಿ. ಯಾಕೆ ಇಷ್ಟು ಹೊತ್ತು, ಓಡಿ ಬಂದರೂ ಬೈಯಬಾರದು ಇವತ್ತು, ಬೈಯುವುದಿಲ್ಲ, ಬಂದರೆ ನೀರು ಕುಡಿಸುತ್ತೇನೆ ಅಷ್ಟೆ — ಬಾಗಿಲು ಒಂದು ಅಂಗೈಯಷ್ಟು ತೆರೆಯಿತು, ಸಿಸ್ಟರಿನ ತಲೆ, ಅಕ್ಕಾ, ಅರ್ಧ ಮುಗೀತು, ಗಟ್ಟಿಯಾಗಿ ಕಣ್ಮುಚ್ಕೊಂಡು ಮಲಗಿದ್ದಾರೆ, ನಿಮಗೆ ಏನೋ ಹೇಳಬೇಕಂತೆ, ತಂತಿ ತುದಿ ಮಡಚೋದು ಮರೆತ್ನಂತೆ, ಚುಚ್ಚಿಕೊಳ್ಳಬೇಡ, ಹುಷಾರು ಅಂತ. ಬಾಗಿಲು ಮುಚ್ಚಿತು. ಟಿಕ್ ಟಿಕ್, ಫ್ಯಾನು. ನಾನೇ ಮಡಚಬಹುದು, ಉಗುರಿನಿಂದ ಒತ್ತಿದರೆ ಆಯಿತು, ಮಡಚುವುದಿಲ್ಲ, ಅವನೇ ಬಂದು ಮಡಚಲಿ, ಅಂಗಿಗೆ ಸಿಕ್ಕದ ಹಾಗೆ ಕೈ ಎತ್ತಿ ಹಿಡಿದಿದ್ದೇನೆ, ಎದುರಿನ ಹುಡುಗಿ ನೋಡುತ್ತಿದ್ದಾಳೆ, ನೋಡಲಿ, ಬೆರಳಿನ ಮೇಲೆ ತಾಮ್ರ, ನೆಟ್ಟಗೆ, ಕೆಂಪಗೆ, ಆ ತುದಿ, ಮಡಚದೆ ಬಿಟ್ಟ ಆ ತುದಿ —