ಗುಂಡಿಯವರ ವೈನ್

ವ್ಯಾಪಾರಿ ಎರಡನೆಯ ಲೋಟವನ್ನೂ ಖಾಲಿ ಮಾಡಿ, ನಾಲಿಗೆ ಚಪ್ಪರಿಸಿ, ಲೇಬಲ್ಲಿನ ಮಾದರಿಯನ್ನು ದ್ರಾಕ್ಷಿತೋಟದ ಒಡತಿಯ ಕಡೆಗೆ ತಳ್ಳಿದ. ವೈನ್ ಅವನಿಗೆ ಹಿಡಿಸಿತ್ತು, ಪೀಪಾಯಿಗಳನ್ನೆಲ್ಲ ತಾನೇ ಕೊಳ್ಳುತ್ತೇನೆಂದ. ಹಿಡಿಸದ್ದು ಹೆಸರು ಮಾತ್ರ. 'ಗುಂಡಿ' ಎಂದು ಬರೆದ ಬಾಟಲಿಯನ್ನು ಮದುವೆಮನೆಯಲ್ಲಿ ಯಾರು ತೆರೆಯುತ್ತಾರೆ? ಹೂವಿನದೋ ಹಕ್ಕಿಯದೋ ಹೆಸರಿಟ್ಟರೆ ಇವತ್ತೇ ಕರಾರು, ಇಲ್ಲವಾದರೆ ಇಲ್ಲ.

ಅದು ಅವಳು ಮಾಡಿದ ಮೊದಲ ವೈನ್. ಬೇರೆ ಗಿರಾಕಿ ಯಾರೂ ಇತ್ತ ತಲೆಹಾಕಿರಲಿಲ್ಲ.

ಗುಂಡಿ ಎಂಬುದು ಅವಳ ಮನೆತನದ ಹೆಸರು. ಅಜ್ಜ ಊರಿನ ಸತ್ತವರಿಗೆಲ್ಲ ಗುಂಡಿ ತೋಡುತ್ತಿದ್ದ, ಅಪ್ಪ ಈಗಲೂ ತೋಡುತ್ತಾನೆ. ಚಿಕ್ಕವಳಿದ್ದಾಗ ಶಾಲೆಗೆ ಬಂದ ಹೊಸ ಮೇಷ್ಟ್ರಿಗೆ ಅವಳು, ನಮ್ಮದು ದರ್ಜಿಗಳ ಮನೆ, ಅಂಗಿಗೆ ಗುಂಡಿ ಹೊಲಿಯುವವರು ಎಂದು ಬುರುಡೆ ಬಿಟ್ಟಿದ್ದಳು. ಮೇಷ್ಟ್ರು ದಾರಿಯಲ್ಲಿ ಅಪ್ಪನನ್ನು ಕಂಡು ಕೇಳಿಯೇಬಿಟ್ಟರು. ಹೆಗಲ ಮೇಲೆ ಗುದ್ದಲಿ ಹೊತ್ತಿದ್ದ ಅಪ್ಪ, "ಹೌದು ಮೇಷ್ಟ್ರೇ, ನಮ್ಮ ಸೂಜಿ ಒಂಚೂರು ದೊಡ್ಡದು" ಅಂದಿದ್ದ. ಮನೆಗೆ ಬಂದು ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ಅಂಥ ಅಪ್ಪನಿಗೆ ಮಗಳಾಗುವುದಕ್ಕೂ ಪುಣ್ಯ ಬೇಕು.

ಈ ತೋಟದಲ್ಲಿ ಬಳ್ಳಿ ನೆಡಲು ಗುಂಡಿ ತೋಡಿದವನೂ ಅವನೇ. ಮೊದಲ ಸಾಲಿನಲ್ಲಿ ಒಂದು ಎಡವಟ್ಟು ಮಾಡಿದ. ಮಲಗುವವರ ಬೆನ್ನಿಗೆ ಚುಚ್ಚಬಾರದೆಂದು ತಳದ ಕಲ್ಲನ್ನೆಲ್ಲ ಆರಿಸಿ, ಅಂಗೈಯಿಂದ ಸವರಿ ನೋಡುವುದು ಅವನ ಪದ್ಧತಿ. ಬಳ್ಳಿಗೂ ಹಾಗೇ ಮಾಡಿದ. ದ್ರಾಕ್ಷಿಗೆ ಬೇಕಾದದ್ದೇ ಆ ಜಲ್ಲಿ. ಮೆತ್ತನೆ ಮಣ್ಣಿನಲ್ಲಿ ಸುಖಕ್ಕೆ ಬಿದ್ದ ಬಳ್ಳಿ ಎಲೆ ಬಿಟ್ಟಿತೇ ಹೊರತು ಹಣ್ಣು ರುಚಿಗೆ ಬರಲಿಲ್ಲ. ಅವಳು ಗೊಣಗಿದಾಗ, ಇಷ್ಟು ದಿನ ಏಳದವರಿಗೆ ತೋಡಿ ಅಭ್ಯಾಸ, ಮೇಲೆ ಬರೋರಿಗೆ ತೋಡೋದನ್ನ ಈಗ ಕಲೀತಿದೀನಿ ಎಂದು ನಕ್ಕ. ಉಳಿದ ಸಾಲುಗಳನ್ನು ಕಲ್ಲು ಮುಟ್ಟದೆಯೇ ತೋಡಿದ. ವ್ಯಾಪಾರಿ ಚಪ್ಪರಿಸಿದ್ದು ಆ ಸಾಲುಗಳ ವೈನನ್ನು.

ಬೆಳಗಿನ ಕೆಲಸ ಮುಗಿಸಿ ಬಂದ ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ತೆಗೆದುಹಾಕು ಮಗಳೇ," ಎಂದ. "ಯಜಮಾನರು ಹೇಳೋದು ಸರಿ. ನಮ್ಮ ಹೆಸರು ಕೇಳಿ ಯಾರಿಗೂ ಬಾಯಾರಿಕೆ ಆಗಲ್ಲ."

ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಯಾರ ಮನೆಯ ಸಾವಿಗೂ ಇಲ್ಲವೆನ್ನದೆ, ಬಡವ ಬಲ್ಲಿದ ಎಣಿಸದೆ ಎಲ್ಲರಿಗೂ ಒಂದೇ ಆಳ ತೋಡಿದ ಮನುಷ್ಯ, ತನ್ನ ಹೆಸರನ್ನು ಹಳೇ ಅಂಗಿಯಂತೆ ಬಿಚ್ಚಿ ಕೊಡುತ್ತಿದ್ದ.

"ಹೆಸರು ಹಾಗೇ ಇರುತ್ತೆ ಸಾರ್," ಅವಳು ವ್ಯಾಪಾರಿಗೆ ಹೇಳಿದಳು. "ಬೇಡ ಅಂದ್ರೆ ವೈನೂ ಇಲ್ಲೇ ಇರ್ಲಿ."

ಮನಸ್ಸು ಬದಲಿಸಿಯಾಳೆಂದು ಅವನು ತುಸು ಹೊತ್ತು ಕಾದ. ಆಮೇಲೆ ಕಾರು ಹತ್ತಿ ಹೊರಟುಹೋದ.

ಅಪ್ಪ ಕೈ ತೊಳೆಯುತ್ತಲೇ ಬೈಯತೊಡಗಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ನಿನ್ನನ್ನು ನೋಡಿಯೇ ಕಟ್ಟಿದ್ದು, ಇಷ್ಟು ಪೀಪಾಯಿ ಯಾರ ತಲೆಗೆ ಕಟ್ಟುತ್ತೀ ಎಂದ. ಅಂಗಡಿ ಅಂಗಡಿಗೆ ನಾನೇ ಹೊತ್ತುಕೊಂಡು ಹೋಗುತ್ತೇನೆ ಎಂದಳು.

ಅಪ್ಪ ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದ. ಲೇಬಲ್ ಎತ್ತಿಕೊಂಡು ದೂರ ಹಿಡಿದ, ಮತ್ತೆ ಹತ್ತಿರಕ್ಕೆ ತಂದ.

"ಅಕ್ಷರ ಇನ್ನೂ ದಪ್ಪಗೆ ಬರ್ಲಿ," ಎಂದ. "ಕನ್ನಡಕ ಇಲ್ದೇನೂ ಓದೋ ಹಾಗಿರ್ಬೇಕು."

ಅದನ್ನು ಬಾಟಲಿಗೆ ಒರಗಿಸಿಟ್ಟು, ಗೋಡೆಯವರೆಗೆ ಹಿಂದೆ ಸರಿದು ನಿಂತು ನೋಡಿದ.