ಇಪ್ಪತ್ತೇಳು ಚೇತರಿಸಿಕೊಂಡ ದಿನ

ಹಾಳೆ ಬೆಚ್ಚಗಿದೆ, ಜ್ವರ ಬಂದ ಹಣೆಯಷ್ಟು ಬೆಚ್ಚಗೆ, ಪ್ರಿಂಟರು ಒಂದೊಂದನ್ನೇ ನಾಲಿಗೆ ಚಾಚಿದ ಹಾಗೆ ಹೊರಗೆ ಹಾಕುತ್ತಿದೆ, ಪ್ರತಿಯೊಂದರ ಮೂಲೆಯಲ್ಲೂ ಇಪ್ಪತ್ತೇಳು, ಇಪ್ಪತ್ತೇಳು, ನಾನೇ ಕಂಪ್ಯೂಟರಿಗೆ ಒತ್ತಿದ ಅಂಕಿಗಳು, ನಲವತ್ತೆರಡು ದಿನ ಇದೇ ಕುರ್ಚಿಯಲ್ಲಿ ಕೂತು ಒತ್ತಿದ್ದು, ಈ ಅಧ್ಯಯನ ನಡೆಸುವ ಮೇಡಂ ಈಗಷ್ಟೇ ಬಾಗಿಲಲ್ಲಿ ನಿಂತು ಹೇಳಿ ಹೋದರು, ಆಸ್ಪತ್ರೆಯಿಂದ ಫೋನ್ ಬಂದಿತ್ತು, ಮೂಳೆ ಡಾಕ್ಟರು ನಿಮ್ಮ ಮಗಳ ಹಾಳೆಗಳನ್ನ ಕೇಳ್ತಿದಾರೆ, ತೆಗೆದಿಡಿ, ನಾನು ಸಹಿ ಹಾಕಿ ಕೊಡ್ತೀನಿ, ಅವಳದ್ದು ಇಪ್ಪತ್ತೇಳು — ಬಸ್ಸಿನ ನಂಬರು ಹೇಳಿದಷ್ಟು ಸಲೀಸಾಗಿ, ಮತ್ತು ನಾನು ಅಲ್ಲ ಮೇಡಂ, ಹದಿನಾಲ್ಕಿರಬೇಕು ಎಂದೆ, ನಗುತ್ತಾ ಎಂದೆ ಅನ್ನಿಸುತ್ತದೆ, ಅವರು ಕನ್ನಡಕವನ್ನು ಹಣೆಗೇರಿಸಿದರು, ನಿಮಗೆ ಹೇಗೆ ಗೊತ್ತು ನಂಬರು, ಗೊತ್ತಿಲ್ಲ ಮೇಡಂ, ಅಂದುಕೊಂಡಿದ್ದೆ.

ಅಂದುಕೊಂಡಿದ್ದೆ. ನಲವತ್ತು ಮಕ್ಕಳು, ಎಲ್ಲರೂ ಓಟಗಾರರು, ಹದಿನಾಲ್ಕರಿಂದ ಹದಿನೆಂಟು ವಯಸ್ಸಿನವರು, ದಿನಾ ಬೆಳಿಗ್ಗೆ ಮೈದಾನಕ್ಕೆ ಬಂದು ಬೂಟಿನ ದಾರ ಕಟ್ಟುವ ಮೊದಲು ಹತ್ತೊಂಬತ್ತು ಪ್ರಶ್ನೆಗಳ ಹಾಳೆ ತುಂಬಬೇಕು, ಸೊನ್ನೆಯಿಂದ ಆರರವರೆಗೆ ಒಂದು ಅಂಕಿಗೆ ಸುತ್ತು ಹಾಕಬೇಕು, ಚೆನ್ನಾಗಿ ನಿದ್ದೆ ಬಂತು, ಮೈ ಭಾರ ಅನ್ನಿಸಿತು, ಜೋರಾಗಿ ನಗು ಬಂತು, ನೋವಿನಿಂದ ಎಚ್ಚರವಾಯಿತು, ಆಮೇಲೆ ಬೀಗ ಹಾಕಿದ ಡಬ್ಬಿಗೆ ಹಾಕಬೇಕು, ಕೋಚ್ ಕೂಡ ನೋಡುವಂತಿಲ್ಲ, ಬೀಗದ ಕೈ ನನ್ನ ಹತ್ತಿರ ಮಾತ್ರ, ಹಾಳೆಯ ಮೇಲೆ ಮಗುವಿನ ನಂಬರು ಮಾತ್ರ, ಹೆಸರಿರುವ ಪಟ್ಟಿ ಮೇಡಂ ಕಪಾಟಿನಲ್ಲಿ ಮಾತ್ರ, ಎಷ್ಟು ದಣಿವು, ಎಷ್ಟು ಚೇತರಿಕೆ, ಮಕ್ಕಳನ್ನು ಎಷ್ಟು ಓಡಿಸಿದರೆ ಹೆಚ್ಚಾಯಿತು ಎಂದು ಕಂಡುಹಿಡಿಯಬೇಕಂತೆ. ಮೊದಲ ದಿನವೇ ಮೇಡಂ ಹೇಳಿದ್ದರು, ನಂಬರಿಗೆ ಮುಖ ಹಚ್ಚಬೇಡಿ, ಇಲ್ಲಿ ಓದಿದ್ದು ಈ ಕೋಣೆ ದಾಟಬಾರದು, ನಿಮ್ಮ ಮಗಳೂ ಇದ್ದಾಳೆ ಅದಕ್ಕೇ ಎರಡು ಸಲ ಹೇಳ್ತಿದೀನಿ, ಆಯ್ತು ಮೇಡಂ, ಎಂದೆ, ಮೂರನೇ ದಿನಕ್ಕೇ ಹದಿನಾಲ್ಕಕ್ಕೆ ಮಗಳ ಮುಖ ಹಚ್ಚಿಬಿಟ್ಟೆ, ಯಾಕೆಂದರೆ ಹದಿನಾಲ್ಕಕ್ಕೆ ನಿದ್ದೆ ಆರು, ನಗು ಆರು, ನಮ್ಮ ಚಿಗರೆ ಅಲ್ಲದೆ ಇನ್ಯಾರು, ನಡೆಯಲು ಕಲಿಯುವ ಮೊದಲೇ ಜಿಂಕೆಯ ಹಾಗೆ ಓಡಿ ಬಿದ್ದವಳು, ಚಿಗರೆ ಎಂದು ಹೆಸರಿಟ್ಟವನೂ ನಾನೇ, ಸಂಜೆ ಮನೆಗೆ ಹೋಗಿ ಹೆಂಡತಿಗೆ ಕಣ್ಣು ಮಿಟುಕಿಸುತ್ತಿದ್ದೆ, ನಿನ್ನ ಮಗಳು ಬಹಳ ಖುಷಿಯಾಗಿದ್ದಾಳೆ ಕಣೇ, ಇವಳು ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, ಕಂಪ್ಯೂಟರಲ್ಲಿ ನೋಡೋ ಬದಲು ಎದುರಿಗೆ ಕೂರಿಸ್ಕೊಂಡು ನೋಡ್ರೀ ಒಂದ್ಸಲ, ಕಣ್ಣ ಕೆಳಗೆ ಹೇಗಾಗಿದೆ ಅಂತ, ಅಂದಳು, ನಾನು ನಕ್ಕೆ, ನಿನಗೇನು ಗೊತ್ತು, ನನ್ನ ಹತ್ತಿರ ಅಂಕಿ ಅಂಶ ಇದೆ — ಅಂಕಿ ಅಂಶ! ಯಾರದೋ ಮಗುವಿನ ನಗುವನ್ನು ನನ್ನ ಮನೆಗೆ ಹೊತ್ತು ತಂದು ಆರು ವಾರ ಬೆಚ್ಚಗೆ ಮಲಗಿದೆ.

ಇಪ್ಪತ್ತೇಳನ್ನು ನಾನು ಗಮನಿಸಿರಲಿಲ್ಲ ಎಂದಲ್ಲ, ಅದೇ ಸಂಕಟ, ಬಹಳ ಗಮನಿಸಿದ್ದೆ, ಡಬ್ಬಿ ತೆರೆದರೆ ಮೊದಲು ಹುಡುಕುತ್ತಿದ್ದುದೇ ಅದನ್ನು, ನಿದ್ದೆ ಒಂದು, ನಗು ಸೊನ್ನೆ, ನೋವಿನಿಂದ ಎಚ್ಚರವಾಯಿತು ಐದು, ಮನೆಯಲ್ಲಿ ಯಾರಿಗೂ ಹೇಳಲಾರೆ ಅನ್ನಿಸಿತು ಆರು, ಆ ಆರಿಗೆ ಪೆನ್ನನ್ನು ಎಷ್ಟು ಒತ್ತಿ ಸುತ್ತಿದ್ದಳೆಂದರೆ ಹಾಳೆಯ ಹಿಂಬದಿ ಬೆರಳಿಗೆ ಉಬ್ಬು ಸಿಗುತ್ತಿತ್ತು, ಅದನ್ನು ಸವರಿ ಅಯ್ಯೋ ಕಂದ, ಯಾರ ಮನೆ ಮಗುವೋ, ಅಂದುಕೊಂಡಿದ್ದೇನೆ, ಕೋಣೆಯಲ್ಲಿ ಒಬ್ಬನೇ, ಗಟ್ಟಿಯಾಗಿ. ಮೂವತ್ತನೇ ದಿನ ತಡೆಯಲಾಗಲಿಲ್ಲ, ಊಟಕ್ಕೆ ಕೂತಿದ್ದೆವು ಮೂವರೂ, ಬಾಯಿಗೆ ಬಂದೇಬಿಟ್ಟಿತು, ನಮ್ಮಲ್ಲಿ ಇಪ್ಪತ್ತೇಳು ಅಂತ ಒಂದು ಮಗು ಇದೆ, ಪಾಪ, ನಿದ್ದೆ ಇಲ್ಲ, ಕಾಲು ನೋವು, ಹೇಳಿಕೊಳ್ಳೋಕೂ ಯಾರೂ ಇಲ್ಲ ಅಂತೆ, ಹೆತ್ತವರಿಗೆ ಕಣ್ಣಿಲ್ವಾ ಅಂತೀನಿ, ನಾನಾಗಿದ್ರೆ ಆ ಬೂಟು ಕಿತ್ತು ಅಟ್ಟಕ್ಕೆಸೆದು ಸಾಕಮ್ಮಾ ಓಡಿದ್ದು ಅಂತಿದ್ದೆ, ಹೆಂಡತಿ ಛೆ ಎಂದಳು, ಮಗಳ ಕೈ ತಟ್ಟೆಯಲ್ಲೇ ನಿಂತಿತು, ಈಗ ಕಾಣುತ್ತಿದೆ ನಿಂತದ್ದು, ಆಗ ಕಾಣಲಿಲ್ಲ, ಓಡೋದು ಬಿಟ್ರೆ ಸರಿ ಹೋಗತ್ತಾ ಅಪ್ಪ ಅದು, ಎಂದು ಕೇಳಿದಳು, ಸರಿ ಹೋಗದೆ ಏನು, ಓಡೋ ತಾಕತ್ತಿಲ್ಲದವರಿಗೆ ಓಟ ಯಾಕೆ ಬೇಕು ಮರಿ, ನಿನ್ನ ಹಾಗೆ ಗಟ್ಟಿ ಇರಬೇಕು, ಎಂದೆ, ನಿನ್ನ ಹಾಗೆ ಎಂದೆ, ಅವಳ ತಲೆ ಸವರಿ ಎಂದೆ, ಅವಳು ನೀರು ಕುಡಿದು ನನ್ನ ತಟ್ಟೆಯನ್ನೂ ತಾನೇ ಎತ್ತಿಕೊಂಡಳು, ಏಳು ಅಪ್ಪ, ನಾನು ತೊಳೀತೀನಿ.

ಮೂವತ್ತೊಂದನೇ ದಿನ ಇಪ್ಪತ್ತೇಳಕ್ಕೆ ನಿದ್ದೆ ಐದು. ನಗು ನಾಲ್ಕು. ಯಾರಿಗೂ ಹೇಳಲಾರೆ, ಸೊನ್ನೆ. ನನಗೆ ಎಷ್ಟು ಖುಷಿಯೆಂದರೆ ಮೇಡಂ ಹತ್ತಿರ ಓಡಿದೆ, ನೋಡಿ ಮೇಡಂ ಮಗು ಎದ್ದು ಕೂತಿದೆ, ಅವರೂ ಗೆರೆ ಎಳೆದು ನೋಡಿದರು, ಇಳಿದಿಳಿದು ಬಂದ ಗೆರೆ ಅಲ್ಲಿಂದ ನೆಟ್ಟಗೆ ಮೇಲೇರಿತ್ತು, ಓಟ ಕಮ್ಮಿ ಮಾಡದೆ ತಾನಾಗೇ ಚೇತರಿಸಿಕೊಂಡಿದೆ ನೋಡಿ, ಪ್ರಬಂಧದಲ್ಲಿ ಇದನ್ನ ಹಾಕಲೇಬೇಕು, ಎಂದರು — ಆ ವಾರವೇ ಅಲ್ಲವೇ ಮಗಳು ಬೆಳಿಗ್ಗೆ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಲು ಶುರು ಮಾಡಿದ್ದು, ಗೋಡೆಗೆ ಮುಖ ಮಾಡಿ, ಎರಡೂ ಕೈ ಗೋಡೆಗೆ ಹಚ್ಚಿ, ಬರಿಗಾಲಿನ ಹೆಬ್ಬೆರಳಿನಿಂದ ಕೆಳಗಿನ ಮೆಟ್ಟಿಲನ್ನು ತಡಕುತ್ತಾ, ಕೆಳಗೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ನಾನು, ಏನೇ ಚಿಗರೆ, ರಿವರ್ಸ್ ಗೇರಾ, ಎಂದೆ, ಹೊಸ ವ್ಯಾಯಾಮ ಅಪ್ಪ, ಕೋಚ್ ಹೇಳ್ಕೊಟ್ಟಿದ್ದು, ತಿರುಗದೇ ಹೇಳಿದಳು, ತಿರುಗಿದ್ದರೆ ಮುಖ ಕಾಣುತ್ತಿತ್ತು, ನಾನು ಅವಳ ಬೆನ್ನಿಗೆ ಹಾರ್ನ್ ಹೊಡೆದೆ, ಪೋಂ ಪೋಂ, ದಾರಿ ಬಿಡಿ. ಹನ್ನೆರಡು ದಿನ ಹಾಗೆ ಇಳಿದಳು. ಹನ್ನೆರಡನೇ ದಿನ ಮೈದಾನದ ಕೊನೆಯ ತಿರುವಿನಲ್ಲಿ ಮೊಣಕಾಲ ಕೆಳಗಿನ ಉದ್ದ ಮೂಳೆ ಲಟ್ಟೆಂದದ್ದು ಆಚೆ ಬದಿ ನಿಂತಿದ್ದ ಕೋಚಿಗೆ ಕೇಳಿಸಿತಂತೆ, ಅವನೇ ಅವಳನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ, ಇಲ್ಲಣ್ಣ, ಅಂಥ ವ್ಯಾಯಾಮ ನಾನು ಯಾರಿಗೂ ಹೇಳ್ಕೊಟ್ಟಿಲ್ಲ, ಎಂದು ಆಮೇಲೆ ನನ್ನ ಕೈ ಹಿಡಿದು ಅತ್ತ.

ಪ್ರಿಂಟರು ನಿಂತಿತು. ನಲವತ್ತೆರಡು ಹಾಳೆ, ಮೇಲೆ ಒಂದು ಗೆರೆಯ ಚಿತ್ರ. ನಿನ್ನೆ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಿರುಕು ಹಳೇದರ ಹಾಗೆ ಕಾಣತ್ತೆ, ಹುಡುಗಿ ನೋಡಿದ್ರೆ ಮೂರೇ ದಿನದಿಂದ ನೋವು ಅಂತಾಳೆ, ಹೊಸದಾದ್ರೆ ಪಟ್ಟಿ ಕಟ್ಟಿ ಬಿಡಬಹುದು, ಹಳೇದಾದ್ರೆ ಕುಯ್ದು ಸರಳು ಹಾಕಲೇಬೇಕು, ಇಲ್ದಿದ್ರೆ ಮತ್ತೆ ಓಡೋದಿರಲಿ, ನಡೆಯೋವಾಗ್ಲೂ ಮುರೀಬಹುದು, ಎಂದಿದ್ದರು, ಮಗಳು ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದಳು, ಮೂರೇ ದಿನ ಅಪ್ಪ, ಪ್ರಾಮಿಸ್ — ಈ ಹಾಳೆಗಳೂ ಹಾಗೇ ಹೇಳುತ್ತವೆ, ಹಳೇ ನೋವು ವಾಸಿಯಾಗಿ ಹನ್ನೆರಡು ದಿನ ಆರಾಮಾಗಿದ್ದಳು, ಹೀಗೇ ಕೊಟ್ಟರೆ ಸಾಕು, ಪಟ್ಟಿ ಕಟ್ಟುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ, ಊಟದ ತಟ್ಟೆಯ ಮಾತು ತಟ್ಟೆಯ ಜೊತೆಗೇ ತೊಳೆದುಹೋಗುತ್ತದೆ, ಈ ಕುರ್ಚಿ ನನಗೇ ಉಳಿಯುತ್ತದೆ, ಮತ್ತೆ ಅವಳು — ಗೋಡೆಗೆ ಹಚ್ಚಿದ ಎರಡು ಕೈ, ಬೆನ್ನು, ಕೆಳಗೆ ತಡಕುವ ಹೆಬ್ಬೆರಳು. ಪೆನ್ನು ತೆಗೆದೆ, ಗೆರೆ ಮೇಲೇರುವ ಜಾಗಕ್ಕೆ ಸುತ್ತು ಹಾಕಿದೆ, ಪಕ್ಕದಲ್ಲಿ ಬರೆದೆ, ಇಲ್ಲಿಂದ ಮುಂದಿನದೆಲ್ಲ ಸುಳ್ಳು, ನೋವು ಮೊದಲ ವಾರದಿಂದ ಇದೆ, ಅಕ್ಷರ ನನ್ನದೇ, ಮೇಡಂ ಒಳಗೆ ಬಂದರು, ಆಯ್ತಾ, ಕೊಡಿ, ಸಹಿ ಹಾಕಲು ಬಗ್ಗಿದವರು ಹಾಗೇ ನಿಂತರು, ಇದೇನು ಬರೆದಿದೀರಿ, ಸುಳ್ಳು ಅಂತ ಯಾರು ಹೇಳಿದ್ದು ನಿಮಗೆ, ಯಾಕೆ ಸುಳ್ಳು ಹೇಳ್ತಾಳೆ ಅವಳು, ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ವಲ್ಲ ನಾವು, ನಾನು ಮೇಡಂ, ನಾನೇ, ಮನೆಯಲ್ಲಿ, ಅವತ್ತು ಊಟಕ್ಕೆ ಕೂತಾಗ ನಾನು — ಅವರು ಕಾಯುತ್ತಿದ್ದಾರೆ, ಕನ್ನಡಕ ಹಣೆಯ ಮೇಲಿದೆ, ಮುಂದಿನ ಮಾತು ಇಷ್ಟೇ ಇದೆ, ನಾಲ್ಕು ಶಬ್ದ, ಅವಳ ಹಾಳೆಯನ್ನು ಅವಳೆದುರೇ ಹೇಳಿಬಿಟ್ಟೆ, ಕಣ್ಣೆದುರು ಅವಳು ಮೆಟ್ಟಿಲ ಮೇಲಿದ್ದಾಳೆ, ನನಗೆ ಬೆನ್ನು ಮಾಡಿ, ಕೈ ಗೋಡೆಗೆ, ಒಂದು ಕಾಲು ಮೇಲೆ, ಇನ್ನೊಂದು ಕಾಲಿನ ಹೆಬ್ಬೆರಳು ಗಾಳಿಯಲ್ಲಿ, ತಡಕುತ್ತಿದೆ, ಮೆಟ್ಟಿಲು ಸಿಗುತ್ತಿಲ್ಲ, ತಡಕುತ್ತಿದೆ